ಒಂದು ಕೀಲಿ, ಹಲವು ಹಕ್ಕುದಾರರು

"ನಿನ್ನೆವರೆಗೂ ಸರಿಯಾಗಿತ್ತು, ಇವತ್ತು ಈ ಶಾರ್ಟ್‌ಕಟ್ ಕೆಲಸಾನೇ ಮಾಡ್ತಿಲ್ಲ" ಅನ್ನುವ ದೂರು ಕಂಪ್ಯೂಟರಿನ ಮುಂದೆ ಕೂತು ಬರೆಯುವವರ ಬಾಯಲ್ಲಿ ಯಾವಾಗಲೂ ಇರುತ್ತದೆ. ಅನುವಾದ ಮಾಡುವವರು, ಕರಡು ತಿದ್ದುವವರು, ಪ್ರೋಗ್ರಾಂ ಬರೆಯುವ ಹುಡುಗ ಹುಡುಗಿಯರು, ಎಲ್ಲರದೂ ಇದೇ ಹಾಡು. ಕೀಲಿ ಕೆಟ್ಟಿದೆಯೇ ಅಂದರೆ ಇಲ್ಲ. ತಂತ್ರಾಂಶ ಹಾಳಾಗಿದೆಯೇ ಅಂದರೆ ಸಾಮಾನ್ಯವಾಗಿ ಅದೂ ಇಲ್ಲ. ನೀವು ಒತ್ತಿದ ಕೀಲಿಯನ್ನು ನಡುದಾರಿಯಲ್ಲಿ ಇನ್ಯಾರೋ ಎತ್ತಿಕೊಂಡಿದ್ದಾರೆ, ಅಷ್ಟೆ. ಆ 'ಇನ್ಯಾರೋ' ಯಾರೆಂದು ಪತ್ತೆ ಹಚ್ಚುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಮೂರು ಎಡಿಟರ್‌ಗಳ ಹೆಸರು ಈ ಮಾತಿನಲ್ಲಿ ಬರುತ್ತದೆ: ಇಮ್ಯಾಕ್ಸ್, ವಿಮ್ ಮತ್ತು ವಿಎಸ್ ಕೋಡ್. ಮೂರರಲ್ಲೂ ಯಾವ ಕೀಲಿ ಯಾವ ಕೆಲಸ ಮಾಡಬೇಕು ಎಂಬುದನ್ನು ಬಳಸುವವರೇ ಗೊತ್ತುಮಾಡಿಕೊಳ್ಳಬಹುದು. ಇಂಥ ಎಡಿಟರ್‌ಗೆ ಮನಸೋತವರು ಸುಲಭವಾಗಿ ಬೇರೆಯದಕ್ಕೆ ಹೋಗುವುದಿಲ್ಲ. ಜಗಳಗಳು ಹುಟ್ಟುವುದೂ ಇದೇ ಸ್ವಾತಂತ್ರ್ಯದಿಂದ.

ಜಗಳ ಹಳೆಯದು. ಇಮ್ಯಾಕ್ಸ್ ರೂಪುಗೊಂಡದ್ದು 1976ರಲ್ಲಿ, ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ರಿಚರ್ಡ್ ಸ್ಟಾಲ್ಮನ್ ಮತ್ತು ಗೈ ಸ್ಟೀಲ್ ಅವರ ಕೈಯಲ್ಲಿ. ಸುಮಾರು ಅದೇ ಹೊತ್ತಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ಅವರು ವಿಐ ಎಂಬ ಎಡಿಟರ್ ಬರೆಯುತ್ತಿದ್ದರು. ಇವತ್ತಿನ ವಿಮ್ ಅದರ ವಂಶದ್ದು. ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೇ ಅಚ್ಚಾಗಿದ್ದವು. ಹಾಗಾಗಿ ವಿಮ್‌ನಲ್ಲಿ ಇವತ್ತಿಗೂ ಕರ್ಸರ್ ಓಡಾಡುವುದು ಈ ನಾಲ್ಕು ಅಕ್ಷರಗಳಿಂದ. ಇನ್ನೊಂದು ಕಡೆ, ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಅವರ ಜೊತೆಗಾರರು ಕತ್ತರಿಸಿ ಅಂಟಿಸುವ ಕ್ರಮಕ್ಕೆ ರೂಪ ಕೊಟ್ಟರು. ಟೆಸ್ಲರ್ ಮುಂದೆ ಆಪಲ್‌ಗೆ ಹೋದರು. ಅಲ್ಲಿ ಲೀಸಾ, ಮ್ಯಾಕಿಂಟಾಷ್‌ಗಳಲ್ಲಿ ಝಡ್, ಎಕ್ಸ್, ಸಿ, ವಿ ಎಂಬ ಒಂದೇ ಸಾಲಿನ ನಾಲ್ಕು ಅಕ್ಷರಗಳಿಗೆ ರದ್ದು, ಕತ್ತರಿಸು, ನಕಲು, ಅಂಟಿಸು ಎಂಬ ಕೆಲಸಗಳು ಬಂದವು. ಲೋಕವೆಲ್ಲ ಆಮೇಲೆ ಇವೇ ನಾಲ್ಕನ್ನು ಒಪ್ಪಿಕೊಂಡಿತು.

ಲೋಕ ಒಪ್ಪಿದ್ದು ಆಮೇಲೆ. ಅಷ್ಟು ಹೊತ್ತಿಗಾಗಲೇ ಇಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಎಕ್ಸ್ ಮತ್ತು ಕಂಟ್ರೋಲ್-ಸಿ ನೂರಾರು ಆಜ್ಞೆಗಳ ಮುಂಬಾಗಿಲಾಗಿದ್ದವು. ಹೊಸಬರೊಬ್ಬರು ಇಮ್ಯಾಕ್ಸ್ ತೆರೆದು, ರೂಢಿಯ ಬಲದಿಂದ ಕಂಟ್ರೋಲ್-ಎಕ್ಸ್ ಒತ್ತಿ, ಏನೂ ಕತ್ತರಿಸಿಹೋಗಲಿಲ್ಲವಲ್ಲ ಅಂದುಕೊಂಡು, ನಕಲಾದರೂ ಆಗಲಿ ಎಂದು ಕಂಟ್ರೋಲ್-ಸಿ ಒತ್ತಿದರೆ ಏನಾಗುತ್ತದೆ ಗೊತ್ತೇ? ಇಮ್ಯಾಕ್ಸ್ ಮುಚ್ಚಿಹೋಗುತ್ತದೆ. ಆ ಎರಡನ್ನೂ ಒಂದರ ಹಿಂದೊಂದು ಒತ್ತುವುದೇ ಅಲ್ಲಿ ಕೆಲಸ ಮುಗಿಸಿ ಹೊರಡುವ ಆಜ್ಞೆ. ಕಡತ ಉಳಿಸದೆ ಇದ್ದರೆ ಒಂದು ಮಾತು ಕೇಳುತ್ತದೆ ಅನ್ನುವುದಷ್ಟೇ ಸಮಾಧಾನ.

ಹೀಗೆ ಒಂದೇ ಕೀಲಿಯ ಮೇಲೆ ಎರಡು ಮೂರು ಮನೆತನಗಳ ಹಕ್ಕು ಇದೆ. ಎಲ್ಲರ ದಾಖಲೆಯೂ ಸರಿಯಾಗಿಯೇ ಇದೆ. ಆದ್ದರಿಂದ ತಪ್ಪು ಯಾರದು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದ ಪ್ರಶ್ನೆ, ಈಗ ಈ ಕೀಲಿ ಯಾರ ಕೈಗೆ ಸೇರುತ್ತಿದೆ ಎಂಬುದು.

ಕೀಲಿಯೊಂದು ಒತ್ತಿದ ಜಾಗದಿಂದ ಎಡಿಟರ್‌ವರೆಗೆ ನಡೆಯುವ ದಾರಿ ಸರ್ಕಾರಿ ಕಚೇರಿಯ ಟಪಾಲಿನ ದಾರಿಯ ಹಾಗೆ. ಹಲವು ಮೇಜುಗಳನ್ನು ದಾಟಬೇಕು. ಮೊದಲು ಲ್ಯಾಪ್‌ಟಾಪಿನ ಕೀಲಿಮಣೆಯೇ ಒಂದು ಮೇಜು: ಎಫ್5, ಎಫ್6 ಒತ್ತಿದರೆ ಪರದೆಯ ಬೆಳಕೋ ಧ್ವನಿಯೋ ಏರಿಳಿಯುವುದು ಇಲ್ಲಿಂದ. ಅದನ್ನು ದಾಟಿದರೆ ಕಾರ್ಯಾಚರಣ ವ್ಯವಸ್ಥೆ ಮತ್ತು ಡೆಸ್ಕ್‌ಟಾಪ್. ಅಲ್ಲಿಂದ ಮುಂದೆ, ನಮ್ಮಂಥವರ ಪಾಲಿಗೆ ಬಹು ಮುಖ್ಯವಾದ ಮೇಜು, ಕನ್ನಡ ಟೈಪಿಂಗ್ ವ್ಯವಸ್ಥೆ. ಎಡಿಟರನ್ನು ಟರ್ಮಿನಲ್ಲಿನ ಒಳಗೆ ತೆರೆದಿದ್ದರೆ ಆ ಟರ್ಮಿನಲ್ ಇನ್ನೊಂದು. ಕಡೆಗೆ ಎಡಿಟರ್. ಅದರೊಳಗೂ ಒಂದರ ಮೇಲೊಂದು ಪದರಗಳಿವೆ. ಯಾವ ಮೇಜಿನವರು 'ಇದು ನಮ್ಮದು' ಎಂದು ಇಟ್ಟುಕೊಂಡರೂ ಮುಂದಿನವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹಾಗಾಗಿ ಎಡಿಟರ್‌ನ ಸೆಟ್ಟಿಂಗ್ ಕಡತಕ್ಕೆ ಕೈ ಹಾಕುವ ಮೊದಲು, ಕೀಲಿ ಅಲ್ಲಿಯವರೆಗೆ ಬಂದಿದೆಯೇ ಇಲ್ಲವೇ ಎಂದು ತಿಳಿದುಕೊಳ್ಳಬೇಕು. ಅರ್ಧ ದಿನ ಸೆಟ್ಟಿಂಗ್ ತಿದ್ದುತ್ತ ಕೂರುವವರನ್ನು ನೋಡಿದ್ದೇನೆ. ಅವರ ಕೀಲಿ ಎಡಿಟರ್‌ನ ಹೊಸ್ತಿಲನ್ನೇ ತುಳಿದಿರುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಲಿನಕ್ಸ್ ಯಂತ್ರ, ಇಮ್ಯಾಕ್ಸ್ ತೆರೆದಿದೆ, ಕನ್ನಡ ಟೈಪ್ ಮಾಡಲು ಐಬಸ್ ಅಥವಾ ಎಫ್‌ಸಿಟಿಎಕ್ಸ್ ಎಂಬ ವ್ಯವಸ್ಥೆ ಹಾಕಿಕೊಂಡಿದ್ದೀರಿ. ಒಂದು ಪ್ಯಾರಾ ಆರಿಸಬೇಕು. ಇಮ್ಯಾಕ್ಸ್‌ನಲ್ಲಿ ಆಯ್ಕೆ ಶುರುವಾಗುವ ಜಾಗಕ್ಕೆ ಗುರುತು ಹಾಕುವುದು ಕಂಟ್ರೋಲ್-ಸ್ಪೇಸ್‌ನಿಂದ. ಒತ್ತುತ್ತೀರಿ. ಗುರುತು ಬೀಳುವುದಿಲ್ಲ, ಪರದೆಯ ಮೂಲೆಯಲ್ಲಿ ಇಂಗ್ಲಿಷ್ ಇದ್ದದ್ದು ಕನ್ನಡವಾಗುತ್ತದೆ. ಮತ್ತೆ ಒತ್ತುತ್ತೀರಿ, ಮತ್ತೆ ಇಂಗ್ಲಿಷ್. ಪ್ಯಾರಾ ಅಲ್ಲೇ ಇದೆ.

ಇಲ್ಲಿ ಇಮ್ಯಾಕ್ಸ್‌ನಲ್ಲೇ ಒಂದು ಒಳ್ಳೆಯ ಪರೀಕ್ಷೆ ಇದೆ. ಕಂಟ್ರೋಲ್-ಎಚ್ ಒತ್ತಿ, ಕೈಬಿಟ್ಟು, ಕೆ ಒತ್ತಿ. ಪರದೆಯ ತಳದ ಸಾಲಿನಲ್ಲಿ, ಯಾವ ಕೀಲಿಯ ವಿವರ ಬೇಕು ಎಂದು ಇಮ್ಯಾಕ್ಸ್ ಕೇಳುತ್ತದೆ. ಈಗ ತಕರಾರಿನ ಕೀಲಿ ಒತ್ತಿ. ಅದು ಒಳಗೆ ಬಂದಿದ್ದರೆ, ಇಂಥ ಕೀಲಿ ಇಂಥ ಆಜ್ಞೆಯನ್ನು ನಡೆಸುತ್ತದೆ ಎಂದು ಹೆಸರು ಸಮೇತ ಕಿಟಕಿ ತೆರೆಯುತ್ತದೆ. ಬಂದಿಲ್ಲದಿದ್ದರೆ ಆ ತಳದ ಸಾಲು ಹಾಗೇ ಕಾಯುತ್ತ ಕೂತಿರುತ್ತದೆ. ಬಾಣದ ಕೀಲಿಯೊಂದನ್ನು ಒತ್ತಿ ನೋಡಿ, ತಕ್ಷಣ ಉತ್ತರ ಬರುತ್ತದೆ. ಅಂದರೆ ಇಮ್ಯಾಕ್ಸ್‌ಗೆ ಏನೂ ಆಗಿಲ್ಲ. ಕಂಟ್ರೋಲ್-ಸ್ಪೇಸ್ ಅದಕ್ಕೆ ಕೇಳಿಸಲೇ ಇಲ್ಲ. ಸುಮ್ಮನೆ ಕಾಯುತ್ತಿರುವ ಆ ಒಂದು ಸಾಲು ನಿಮ್ಮ ಹುಡುಕಾಟವನ್ನು ಅರ್ಧಕ್ಕರ್ಧ ಇಳಿಸುತ್ತದೆ: ಕಳ್ಳ ಹೊರಗಿದ್ದಾನೆ.

ಹೊರಗೆ ಅದನ್ನು ಹಿಡಿದಿರುವುದು ಭಾಷೆ ಬದಲಿಸುವ ವ್ಯವಸ್ಥೆ. ಕಂಟ್ರೋಲ್-ಸ್ಪೇಸ್‌ನಿಂದ ಲಿಪಿ ಬದಲಿಸುವುದು ಚೀನೀ ಭಾಷೆ ಬರೆಯುವವರ ಹಳೆಯ ರೂಢಿ. ಎಫ್‌ಸಿಟಿಎಕ್ಸ್ ಅದನ್ನೇ ಮೂಲ ಆಯ್ಕೆಯಾಗಿ ಇಟ್ಟುಕೊಂಡಿದೆ. ಐಬಸ್‌ನ ಹಳೆಯ ಆವೃತ್ತಿಗಳೂ ಹಾಗೇ ಇದ್ದವು. ಈಗ ಅದು ಸೂಪರ್-ಸ್ಪೇಸ್‌ಗೆ, ಅಂದರೆ ವಿಂಡೋಸ್ ಗುರುತಿನ ಕೀಲಿಯ ಜೊತೆ ಸ್ಪೇಸ್ ಒತ್ತುವುದಕ್ಕೆ, ಹೋಗಿದೆ. ಮ್ಯಾಕ್‌ನಲ್ಲೂ ಒಂದಕ್ಕಿಂತ ಹೆಚ್ಚು ಭಾಷೆ ಹಾಕಿಕೊಂಡವರಿಗೆ ಕಂಟ್ರೋಲ್-ಸ್ಪೇಸ್ ಭಾಷೆ ಬದಲಿಸುವ ಕೀಲಿ. ಇತ್ತ ವಿಎಸ್ ಕೋಡ್‌ನಲ್ಲಿ ಅದೇ ಕೀಲಿ, ಮುಂದೆ ಬರಬೇಕಾದ ಪದ ಯಾವುದೆಂದು ಸೂಚನೆಗಳ ಪಟ್ಟಿ ಇಳಿಸುತ್ತದೆ. ಒಂದು ಕೀಲಿ, ಮೂರು ಕೆಲಸ. ಇಂಗ್ಲಿಷ್ ಒಂದನ್ನೇ ಟೈಪ್ ಮಾಡುವವರಿಗೆ ಈ ತೊಂದರೆ ಕಣ್ಣಿಗೇ ಬೀಳುವುದಿಲ್ಲ. ಎರಡು ಲಿಪಿಯಲ್ಲಿ ಬದುಕುವ ನಮಗೆ ದಿನಾ ಎದುರಾಗುತ್ತದೆ.

ಯಾರು ಬಿಟ್ಟುಕೊಡಬೇಕು? ನನ್ನ ಅಭಿಪ್ರಾಯ ಸ್ಪಷ್ಟ: ಭಾಷೆ ಬದಲಿಸುವ ಕೀಲಿಯೇ ಜಾಗ ಬಿಡಲಿ. ಯಾಕೆಂದರೆ ಅದನ್ನು ಒಂದು ಕಡೆ ಬದಲಿಸಿದರೆ ಸಾಕು, ಎಲ್ಲ ತಂತ್ರಾಂಶಗಳಿಗೂ ಅನ್ವಯವಾಗುತ್ತದೆ. ಅದನ್ನು ಹಾಗೇ ಬಿಟ್ಟು ಎಡಿಟರ್‌ನ ಕೀಲಿ ಬದಲಿಸಲು ಹೊರಟರೆ ಇಮ್ಯಾಕ್ಸ್‌ನಲ್ಲಿ ಒಂದು ಸಲ, ವಿಎಸ್ ಕೋಡ್‌ನಲ್ಲಿ ಇನ್ನೊಂದು ಸಲ, ನಾಳೆ ಬರುವ ಮತ್ತೊಂದರಲ್ಲಿ ಮಗದೊಂದು ಸಲ ಮಾಡಬೇಕು. ಅಷ್ಟರ ಮೇಲೆ ಪುಸ್ತಕದಲ್ಲಿ ಬರೆದಿರುವುದೇ ಒಂದು, ನಿಮ್ಮ ಬೆರಳು ಕಲಿತದ್ದೇ ಇನ್ನೊಂದು. ಆತುರಕ್ಕೆ ಬೇಕಾದರೆ ಇಮ್ಯಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ 'ಅಟ್' ಚಿಹ್ನೆ ಒತ್ತಿದರೂ ಗುರುತು ಬೀಳುತ್ತದೆ.

ಐಬಸ್ ಬಳಸುವವರು ಇನ್ನೂ ಕೆಲವು ಕೀಲಿಗಳ ಮೇಲೆ ಕಣ್ಣಿಡಬೇಕು. ವಿಎಸ್ ಕೋಡ್‌ನಲ್ಲಿ ಕಡತಗಳ ಪಟ್ಟಿಗೆ ಹೋಗಲು ಕಂಟ್ರೋಲ್-ಶಿಫ್ಟ್-ಇ ಒತ್ತಿದಾಗ, ಪಟ್ಟಿ ಬರುವ ಬದಲು ಅಡಿಗೆರೆ ಎಳೆದ ಒಂದು ಇಂಗ್ಲಿಷ್ 'ಇ' ಅಕ್ಷರ ಮೂಡಿತೇ? ಅದು ಐಬಸ್‌ನ ಎಮೋಜಿ ಆರಿಸುವ ಸೌಲಭ್ಯ. ಹೊಸ ಆವೃತ್ತಿಗಳಲ್ಲಿ ಅದು ಕಂಟ್ರೋಲ್-ಚುಕ್ಕಿಗೆ ಹೋಯಿತು. ವಿಎಸ್ ಕೋಡ್‌ನಲ್ಲಿ ತಪ್ಪು ತಿದ್ದುವ ಸಲಹೆ ಕೇಳುವ ಕೀಲಿಯೂ ಅದೇ ಆದ್ದರಿಂದ ಜಗಳ ಮನೆ ಬದಲಿಸಿತು, ಮುಗಿಯಲಿಲ್ಲ. ಎರಡನ್ನೂ ಐಬಸ್‌ನ ಸೆಟ್ಟಿಂಗ್‌ನಲ್ಲಿ ಎಮೋಜಿ ಎಂಬ ಪುಟದಲ್ಲಿ ತೆಗೆದುಹಾಕಬಹುದು. ಅದೇ ರೀತಿ ಕಂಟ್ರೋಲ್-ಶಿಫ್ಟ್-ಯು ಒತ್ತಿದಾಗ ಅಡಿಗೆರೆಯ 'ಯು' ಬಂದರೆ, ಅದು ಯೂನಿಕೋಡ್ ಸಂಖ್ಯೆಯಿಂದ ಅಕ್ಷರ ಮೂಡಿಸುವ ದಾರಿ. ಅದಾದ ಮೇಲೆ ಸೊನ್ನೆ, ಸಿ, 9, 5 ಎಂದು ಒತ್ತಿ ಎಂಟರ್ ಕೊಟ್ಟರೆ 'ಕ' ಅಕ್ಷರ ಬರುತ್ತದೆ. ಉಪಯೋಗದ ವಸ್ತುವೇ. ಆದರೆ ವಿಂಡೋಸ್‌ನ ವಿಎಸ್ ಕೋಡ್‌ನಲ್ಲಿ ಫಲಿತಾಂಶದ ಕಿಟಕಿ ತೆರೆಯುವುದು ಇದೇ ಕೀಲಿಯಿಂದ, ಅಲ್ಲಿಂದ ಲಿನಕ್ಸ್‌ಗೆ ಬಂದವರು ಗಮನಿಸಬೇಕು. ಅಡಿಗೆರೆ ಕಂಡಿತೆಂದರೆ ಅದು ಟೈಪಿಂಗ್ ವ್ಯವಸ್ಥೆಯ ಸಹಿ ಎಂದು ನೆನಪಿಟ್ಟುಕೊಳ್ಳಿ.

ವಿಂಡೋಸ್ ಬಳಸುವವರಿಗೂ ಹೊರಗಿನ ಕಾಟ ಇದ್ದೇ ಇದೆ. ಇಂಟೆಲ್‌ನ ಹಳೆಯ ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ ಕಂಟ್ರೋಲ್-ಆಲ್ಟ್ ಜೊತೆ ಬಾಣದ ಕೀಲಿ ಒತ್ತಿದರೆ ಪರದೆಯೇ ಮಗುಚುತ್ತಿತ್ತು. ವಿಎಸ್ ಕೋಡ್‌ನಲ್ಲಿ ಕೆಳಗಿನ ಸಾಲಿಗೆ ಇನ್ನೊಂದು ಕರ್ಸರ್ ಇಡೋಣವೆಂದು ಹೊರಟವರು ತಲೆಕೆಳಗಾದ ಪರದೆ ನೋಡಿ ಗಾಬರಿಯಾದದ್ದುಂಟು. ಬಲಗಡೆಯ ಆಲ್ಟ್ ಕೀಲಿಯ ಕಥೆ ಇನ್ನೊಂದು. ಹಲವು ಕೀಲಿಮಣೆ ವಿನ್ಯಾಸಗಳಲ್ಲಿ ವಿಂಡೋಸ್ ಅದನ್ನು ಕಂಟ್ರೋಲ್ ಮತ್ತು ಆಲ್ಟ್ ಸೇರಿಸಿ ಒತ್ತಿದ ಹಾಗೆಂದೇ ಎಣಿಸುತ್ತದೆ. ಭಾರತೀಯ ಇಂಗ್ಲಿಷ್ ವಿನ್ಯಾಸದಲ್ಲಿ ಬಲ ಆಲ್ಟ್ ಜೊತೆ 4 ಒತ್ತಿದರೆ ರೂಪಾಯಿ ಚಿಹ್ನೆ ಬರಬೇಕು. ನಿಮ್ಮ ಎಡಿಟರ್‌ನಲ್ಲಿ ಕಂಟ್ರೋಲ್-ಆಲ್ಟ್-4ಕ್ಕೆ ಏನಾದರೂ ಕೆಲಸ ಹಚ್ಚಿದ್ದರೆ, ರೂಪಾಯಿ ಬರೆಯಲು ಹೋಗಿ ಆ ಕೆಲಸ ನಡೆದುಬಿಡಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್-ಆಲ್ಟ್ ಜೊತೆಗಿನ ಶಾರ್ಟ್‌ಕಟ್‌ಗಳನ್ನು ಆದಷ್ಟೂ ಮುಟ್ಟದಿರುವುದೇ ಕ್ಷೇಮ.

ಟರ್ಮಿನಲ್ಲಿನ ವಿಷಯ ಬೇರೆ ತರಹದ್ದು. ಅಲ್ಲಿ ಕೀಲಿ ಕಳುವಾಗುವುದಕ್ಕಿಂತ ಹೆಚ್ಚಾಗಿ ಅದರ ಗುರುತೇ ಅಳಿಸಿಹೋಗುತ್ತದೆ. 1960ರ ದಶಕದ ಆಸ್ಕಿ ಸಂಕೇತದಲ್ಲಿ ಕಂಟ್ರೋಲ್ ಜೊತೆ ಒತ್ತಿದ ಅಕ್ಷರಕ್ಕೆ ಅದರ ಕ್ರಮಸಂಖ್ಯೆಯೇ ಸಂಕೇತ. 'ಐ' ಒಂಬತ್ತನೆಯ ಅಕ್ಷರ. ಟ್ಯಾಬ್ ಕೀಲಿಯ ಸಂಖ್ಯೆಯೂ 9. 'ಎಂ' ಹದಿಮೂರನೆಯದು, ಎಂಟರ್ ಕೀಲಿಯದೂ 13. ಆದ್ದರಿಂದ ಹಳೆಯ ಪದ್ಧತಿಯ ಟರ್ಮಿನಲ್ಲಿನಲ್ಲಿ ಕಂಟ್ರೋಲ್-ಐಗೆ ಬೇರೆ ಕೆಲಸ ಹಚ್ಚಿದರೆ ಟ್ಯಾಬ್ ಕೂಡ ಅದೇ ಕೆಲಸ ಮಾಡತೊಡಗುತ್ತದೆ. 'ಎಚ್' ಎಂಟನೆಯದು. ಕೆಲವು ಟರ್ಮಿನಲ್‌ಗಳು ಬ್ಯಾಕ್‌ಸ್ಪೇಸ್‌ಗೂ ಅದನ್ನೇ ಕಳಿಸುತ್ತವೆ. ತಪ್ಪಕ್ಷರ ಅಳಿಸಲು ಹೋದವರಿಗೆ ಇಮ್ಯಾಕ್ಸ್ ಸಹಾಯದ ಪುಟ ತೆರೆದು ತೋರಿಸುವುದು ಇದರಿಂದ. ಇದಕ್ಕೆ ಎಡಿಟರ್‌ನ ಒಳಗೆ ಮದ್ದಿಲ್ಲ. ಬೇರೆ ಕೀಲಿ ಹುಡುಕಿಕೊಳ್ಳಿ, ಇಲ್ಲವೇ ಈ ಭೇದವನ್ನು ಉಳಿಸಿಕೊಡುವ ಹೊಸ ಟರ್ಮಿನಲ್ ಬಳಸಿ.

ಟರ್ಮಿನಲ್ ತಾನೇ ಹಿಡಿದುಕೊಳ್ಳುವ ಕೀಲಿಗಳೂ ಇವೆ. ಅಲ್ಲಿ ಕಂಟ್ರೋಲ್-ಎಸ್ ಒತ್ತಿದ ಕೂಡಲೇ ಪರದೆ ಕಲ್ಲಾಗಿ ನಿಂತರೆ ಹೆದರಬೇಡಿ. ಅದು ಟೆಲಿಪ್ರಿಂಟರ್ ಕಾಲದಿಂದ ಬಂದ 'ಸ್ವಲ್ಪ ತಡಿ' ಎಂಬ ಸಂಜ್ಞೆ. ಕಂಟ್ರೋಲ್-ಕ್ಯೂ ಒತ್ತಿದರೆ ಮತ್ತೆ ಚಲಿಸುತ್ತದೆ. ಕಡತ ಉಳಿಸಲು ವಿಮ್‌ನಲ್ಲಿ ಕಂಟ್ರೋಲ್-ಎಸ್ ಹಚ್ಚಿಕೊಂಡವರು ಅನೇಕ ಕಡೆ ಇದಕ್ಕೆ ಸಿಕ್ಕಿಬೀಳುತ್ತಾರೆ. ವಿಮ್‌ಗೆ ವಿಂಡೋಸ್ ನಡವಳಿಕೆ ಕಲಿಸುವ ಒಂದು ಸಿದ್ಧ ಕಡತವೂ ಇದೆ. ಅದು ಕಂಟ್ರೋಲ್-ವಿಯನ್ನು ಅಂಟಿಸುವ ಕೆಲಸಕ್ಕೆ ಕೊಟ್ಟು, ಅಲ್ಲಿ ಮೊದಲಿದ್ದ ಕಂಬದ ಹಾಗೆ ಉದ್ದಕ್ಕೆ ಆರಿಸುವ ಕೆಲಸವನ್ನು ಕಂಟ್ರೋಲ್-ಕ್ಯೂಗೆ ದಾಟಿಸುತ್ತದೆ. ಆ ಕ್ಯೂ ಮೇಲೆ ಟರ್ಮಿನಲ್ಲಿನ ಹಕ್ಕು ಇದೆಯೆಂದು ಈಗಷ್ಟೇ ಹೇಳಿದೆ. ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸುವುದು ಹೀಗೆ ಸರಪಳಿಯಾಗಿ ಹೋಗುತ್ತದೆ.

ಈಗ ಎಡಿಟರ್‌ನ ಒಳಕ್ಕೆ ಬರೋಣ. ಕೀಲಿ ಬಂದು ಮುಟ್ಟಿದೆ. ಆದರೂ ನೀವು ಹೇಳಿದ ಕೆಲಸ ನಡೆಯುತ್ತಿಲ್ಲ. ಇಮ್ಯಾಕ್ಸ್‌ನಲ್ಲಿ ಕೀಲಿಗಳ ಪಟ್ಟಿಗಳು ಮುಖ್ಯವಾಗಿ ಮೂರು ಅಂತಸ್ತಿನಲ್ಲಿವೆ. ತಳದಲ್ಲಿ ಎಲ್ಲ ಕಡೆಗೂ ಸಲ್ಲುವ ಸಾಮಾನ್ಯ ಪಟ್ಟಿ. ಅದರ ಮೇಲೆ, ತೆರೆದಿರುವ ಕಡತದ ಬಗೆಗೆ ತಕ್ಕ ಪಟ್ಟಿ, ಅದಕ್ಕೆ ಮೇಜರ್ ಮೋಡ್ ಎನ್ನುತ್ತಾರೆ. ಎಲ್ಲಕ್ಕಿಂತ ಮೇಲೆ ಮೈನರ್ ಮೋಡ್‌ಗಳ ಪಟ್ಟಿಗಳು, ಅಂದರೆ ನೀವು ಹೆಚ್ಚುವರಿಯಾಗಿ ಹಾಕಿಕೊಂಡ ಸೌಲಭ್ಯಗಳು. ಹುಡುಕಾಟ ಮೇಲಿನಿಂದ ಕೆಳಕ್ಕೆ. ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ. ಹೆಸರಿನಲ್ಲಿ ಚಿಕ್ಕದಾದರೂ ಅಧಿಕಾರದಲ್ಲಿ ಮೈನರ್ ಮೋಡ್ ದೊಡ್ಡದು ಎಂಬುದನ್ನು ಗಮನಿಸಿ. ನೀವು ಸಾಮಾನ್ಯ ಪಟ್ಟಿಯಲ್ಲಿ ಬರೆದದ್ದು ಎಲ್ಲ ಕಡೆ ನಡೆದು ಒಂದು ಬಗೆಯ ಕಡತದಲ್ಲಿ ಮಾತ್ರ ನಡೆಯದಿದ್ದರೆ, ಆ ಬಗೆಯ ಪಟ್ಟಿಯಲ್ಲಿ ಅದೇ ಕೀಲಿ ಕೂತಿದೆಯೆಂದೇ ತಿಳಿಯಿರಿ.

ಇದಕ್ಕೆ ಹೆಸರಾದ ಉದಾಹರಣೆ ಆರ್ಗ್ ಮೋಡ್. ಟಿಪ್ಪಣಿ, ದಿನಚರಿ, ಪುಸ್ತಕದ ಅಧ್ಯಾಯಗಳನ್ನು ಹೊಂದಿಸಿ ಬರೆಯಲು ಇಮ್ಯಾಕ್ಸ್ ಬಳಗದವರು ಪ್ರೀತಿಸುವ ಸೌಲಭ್ಯ ಇದು. ಶಿಫ್ಟ್ ಜೊತೆ ಬಾಣ ಒತ್ತಿದರೆ ಇಲ್ಲಿ ತಾರೀಕು ಮುಂದೆ ಹೋಗುತ್ತದೆ, ಮಾಡಬೇಕಾದ ಕೆಲಸ 'ಆಯಿತು' ಎಂದು ಬದಲಾಗುತ್ತದೆ. ವಿಂಡ್‌ಮೂವ್ ಎಂಬ ಇನ್ನೊಂದು ಸೌಲಭ್ಯದಲ್ಲಿ ಅದೇ ಕೀಲಿಗಳಿಂದ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಜಿಗಿಯುತ್ತೇವೆ. ಎರಡನ್ನೂ ಹಾಕಿಕೊಂಡವರು ಪಕ್ಕದ ಕಿಟಕಿಗೆ ಹೋಗಲು ಹೊರಟು ತಮ್ಮ ಟಿಪ್ಪಣಿಯಲ್ಲಿ ಮುಂದಿನ ವಾರದ ಸಭೆಯನ್ನು ಒಂದು ದಿನ ತಳ್ಳಿಬಿಡುತ್ತಾರೆ. ಗೊತ್ತಾಗುವುದೂ ಇಲ್ಲ! ಈ ಜಗಳವನ್ನು ಮುಚ್ಚಿಡದೆ ಆರ್ಗ್ ಮೋಡ್‌ನವರು ತಮ್ಮ ಕೈಪಿಡಿಯಲ್ಲೇ ಒಂದು ಭಾಗವಾಗಿ ಬರೆದಿದ್ದಾರೆ. ಯಾವ ಯಾವ ಸೌಲಭ್ಯದ ಜೊತೆ ತಮ್ಮದು ಹೊಂದುವುದಿಲ್ಲ, ಹೊಂದದಿದ್ದರೆ ಏನು ಮಾಡಬೇಕು ಎಂಬುದೆಲ್ಲ ಅಲ್ಲಿದೆ. ತಕರಾರಿನ ಕೀಲಿಗಳನ್ನು ತಾವೇ ಬಿಟ್ಟುಕೊಟ್ಟು ಬೇರೆ ಕೀಲಿಗಳಿಗೆ ಹೋಗುವ ಒಂದು ಸೆಟ್ಟಿಂಗ್ ಕೂಡ ಇಟ್ಟಿದ್ದಾರೆ. ಆರ್ಗ್ ಮೋಡ್ ತೆರೆದುಕೊಳ್ಳುವ ಮೊದಲೇ ಅದನ್ನು ಬರೆದಿರಬೇಕು. ಎಲ್ಲ ತಂತ್ರಾಂಶಗಳ ಕೈಪಿಡಿಯಲ್ಲೂ ಇಂಥ ಒಂದು ಭಾಗ ಇರಬೇಕೆಂದು ನನಗೆ ಅನ್ನಿಸುತ್ತದೆ.

ಏನು ಒತ್ತಿದೆನೋ ಗೊತ್ತಿಲ್ಲ, ಏನೋ ಆಗಿಹೋಯಿತು ಅನ್ನುವವರಿಗೆ ಇಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಎಚ್, ಆಮೇಲೆ ಎಲ್. ಇತ್ತೀಚೆಗೆ ಒತ್ತಿದ 300 ಕೀಲಿಗಳು, ಅವು ನಡೆಸಿದ ಆಜ್ಞೆಗಳ ಹೆಸರಿನೊಂದಿಗೆ ಎದುರಿಗೆ ಬರುತ್ತವೆ.

ವಿಮ್‌ನಲ್ಲಿ ಕೇಳುವ ಕ್ರಮ ಇನ್ನೂ ನೇರ. ಕೋಲನ್ ಒತ್ತಿ, 'ವರ್ಬೋಸ್ ಮ್ಯಾಪ್' ಎಂದು ಟೈಪ್ ಮಾಡಿ, ಮುಂದೆ ಕೀಲಿಯ ಹೆಸರು ಬರೆದರೆ, ಅದಕ್ಕೆ ಈಗ ಯಾವ ಕೆಲಸ ಹಚ್ಚಿದೆ, ಕಡೆಯದಾಗಿ ಹಚ್ಚಿದ್ದು ಯಾವ ಕಡತ ಎಂದು ಹೇಳುತ್ತದೆ. ಹೊಸ ಆವೃತ್ತಿಗಳಲ್ಲಿ ಎಷ್ಟನೇ ಸಾಲು ಎಂಬುದೂ ಸಿಗುತ್ತದೆ. ಕೀಲಿ ಕೆಲಸ ಮಾಡುತ್ತದೆ ಆದರೆ ಒಂದು ಸೆಕೆಂಡ್ ತಡವಾಗಿ ಅನ್ನುವುದಾದರೆ, ಅದೇ ಅಕ್ಷರದಿಂದ ಶುರುವಾಗುವ ಇನ್ನೂ ಉದ್ದದ ಶಾರ್ಟ್‌ಕಟ್ ಎಲ್ಲೋ ಇದೆ. ಮುಂದಿನ ಅಕ್ಷರ ಬರುತ್ತದೇನೋ ಎಂದು ವಿಮ್ 1000 ಮಿಲಿಸೆಕೆಂಡ್ ಕಾದು ನೋಡುತ್ತದೆ.

ವಿಎಸ್ ಕೋಡ್ 2015ರಲ್ಲಿ ಬಂದದ್ದು, ಹಾಗಾಗಿ ಪರಿಕರಗಳು ಚೊಕ್ಕವಾಗಿವೆ. ಕಂಟ್ರೋಲ್-ಕೆ ಮತ್ತು ಕಂಟ್ರೋಲ್-ಎಸ್ ಒಂದರ ಹಿಂದೊಂದು ಒತ್ತಿದರೆ ಶಾರ್ಟ್‌ಕಟ್‌ಗಳ ಪಟ್ಟಿ. ಯಾವುದಾದರೂ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ, ಇದೇ ಕೀಲಿ ಇರುವ ಬೇರೆ ಸಾಲುಗಳನ್ನು ತೋರಿಸು ಎನ್ನಬಹುದು. ಕಮಾಂಡ್ ಪ್ಯಾಲೆಟ್ ತೆರೆದು 'ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್' ಎಂಬುದನ್ನು ಚಾಲೂ ಮಾಡಿದರೆ, ನೀವು ಒತ್ತುವ ಪ್ರತಿಯೊಂದು ಕೀಲಿ ಹೇಗೆ ಬಂತು, ಯಾವ ಆಜ್ಞೆಗೆ ಹೊಂದಿತು, ಅದನ್ನು ಅಲ್ಲಿ ಹಾಕಿದವರು ಯಾರು (ಮೂಲ ತಂತ್ರಾಂಶವೇ, ನೀವೇ, ಹೊರಗಿನ ಎಕ್ಸ್‌ಟೆನ್ಷನ್ನೇ) ಎಂಬುದೆಲ್ಲ ಒಂದು ಕಿಟಕಿಯಲ್ಲಿ ಹರಿಯುತ್ತ ಹೋಗುತ್ತದೆ. ಒಂದು ಸೂಕ್ಷ್ಮ ತಿಳಿದಿರಲಿ: ಇಲ್ಲಿ ನಿಯಮಗಳನ್ನು ಕೆಳಗಿನಿಂದ ಮೇಲಕ್ಕೆ ಓದಲಾಗುತ್ತದೆ, ನೀವು ಬರೆದದ್ದು ಕಡೆಯಲ್ಲಿರುವುದರಿಂದ ಅದಕ್ಕೇ ಮೊದಲ ಮಣೆ. ಹಾಗಿದ್ದೂ ಅದು ನಡೆಯದಿದ್ದರೆ, ಜೊತೆಗೆ ಬರೆದ 'ಯಾವಾಗ' ಎಂಬ ಷರತ್ತು ಹೊಂದುತ್ತಿಲ್ಲ. ಬೇಡದ ಶಾರ್ಟ್‌ಕಟ್ ಕಿತ್ತುಹಾಕಲು ಆಜ್ಞೆಯ ಹೆಸರಿನ ಆರಂಭದಲ್ಲಿ ಒಂದು ಮೈನಸ್ ಚಿಹ್ನೆ ಸಾಕು.

ಇಷ್ಟೆಲ್ಲ ಆದರೂ ಸಿಗದಿದ್ದರೆ ಎಡಿಟರನ್ನು ಬರಿಗೈಯಲ್ಲಿ ತೆರೆಯಿರಿ, ಅಂದರೆ ನಿಮ್ಮ ಯಾವ ಸೆಟ್ಟಿಂಗೂ ಇಲ್ಲದೆ. ತೆರೆಯುವ ಆಜ್ಞೆಯ ಜೊತೆ ಕೊಡಲು ಇಮ್ಯಾಕ್ಸ್‌ಗೆ ದೊಡ್ಡಕ್ಷರದ 'ಕ್ಯೂ', ವಿಮ್‌ಗೆ 'ಕ್ಲೀನ್', ವಿಎಸ್ ಕೋಡ್‌ಗೆ 'ಡಿಸೇಬಲ್ ಎಕ್ಸ್‌ಟೆನ್ಷನ್ಸ್' ಎಂಬ ಸೂಚನೆ ಇದೆ; ಕಡೆಯದು ಎಕ್ಸ್‌ಟೆನ್ಷನ್‌ಗಳನ್ನಷ್ಟೇ ಬಿಡಿಸುತ್ತದೆ, ನೀವು ಬರೆದ ಸೆಟ್ಟಿಂಗ್ ಹಾಗೇ ಉಳಿಯುತ್ತದೆ. ಬರಿಗೈಯಲ್ಲಿ ಕೀಲಿ ಸರಿಯಾಗಿ ನಡೆದರೆ ತಪ್ಪು ನಿಮ್ಮ ಸೇರ್ಪಡೆಗಳಲ್ಲೇ ಇದೆ. ಅರ್ಧ ತೆಗೆಯಿರಿ, ನೋಡಿ. ಉಳಿದದ್ದರಲ್ಲಿ ಮತ್ತೆ ಅರ್ಧ. ನೂರು ಇದ್ದರೂ ಏಳು ಸುತ್ತಿನಲ್ಲಿ ಸಿಗುತ್ತದೆ. ವಿಎಸ್ ಕೋಡ್‌ನಲ್ಲಿ ಈ ಅರ್ಧರ್ಧ ಮಾಡುವ ಕೆಲಸವನ್ನು ಅದೇ ಮಾಡಿಕೊಡುತ್ತದೆ, 'ಎಕ್ಸ್‌ಟೆನ್ಷನ್ ಬೈಸೆಕ್ಟ್' ಎಂಬ ಹೆಸರಿನಲ್ಲಿ.

ಕಡೆಗೆ, ಕನ್ನಡ ಬರೆಯುವವರನ್ನು ಕಾಡುವ ಒಂದು ತೊಡಕು. ಕೀಲಿಮಣೆಯ ವಿನ್ಯಾಸವನ್ನೇ ಕನ್ನಡಕ್ಕೆ ಬದಲಿಸಿದಾಗ ಎಡಿಟರ್‌ಗೆ ಇಂಗ್ಲಿಷ್ ಅಕ್ಷರಗಳು ಕಾಣಿಸುವುದೇ ಇಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಎಚ್, ಜೆ, ಕೆ, ಎಲ್ ಇರುವ ಜಾಗದಲ್ಲಿ ಪ, ರ, ಕ, ತ ಬರುತ್ತವೆ. ವಿಮ್‌ನಲ್ಲಿ ಕರ್ಸರ್ ಕದಲುವುದಿಲ್ಲ. ಸಾಲು ಅಳಿಸಲು ಎರಡು ಸಲ 'ಡಿ' ಒತ್ತಿದರೆ ವಿಮ್‌ಗೆ ಕೇಳಿಸುವುದು ಎರಡು ಅರ್ಧಾಕ್ಷರ ಚಿಹ್ನೆ. ಪಾಪ, ಅದು ಏನು ಮಾಡೀತು? ಲಿನಕ್ಸ್‌ನ ಇಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಸಿ ಒತ್ತಿದರೆ 'ಕಂಟ್ರೋಲ್-ಮ' ಎಂಬ ಕೀಲಿ ನನಗೆ ಗೊತ್ತಿಲ್ಲ ಎಂಬ ಉತ್ತರ ಬರುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ 'ಸಿ' ಇರುವ ಜಾಗದಲ್ಲಿ 'ಮ' ಇದೆ, ಅದಕ್ಕೇ. ಕಗಪ ಎಂಬ ಇನ್ನೊಂದು ಕನ್ನಡ ವಿನ್ಯಾಸ ಹಾಕಿಕೊಂಡರೆ ಅಕ್ಷರ ಬೇರೆ ಬಂದೀತು, ತೊಂದರೆ ಮಾತ್ರ ಅದೇ. ರಷ್ಯನ್ ಬರೆಯುವವರೂ ಇದೇ ಕಷ್ಟ ಪಟ್ಟಿದ್ದಾರೆ.

ಇದಕ್ಕೆ ಒಳ್ಳೆಯ ಪರಿಹಾರ, ಲಿಪಿ ಬದಲಿಸುವ ಕೆಲಸವನ್ನು ಎಡಿಟರ್‌ಗೇ ವಹಿಸುವುದು. ಇಮ್ಯಾಕ್ಸ್‌ನ ಒಳಗೇ ಕನ್ನಡ ಇನ್‌ಸ್ಕ್ರಿಪ್ಟ್, ಕನ್ನಡ ಐಟ್ರಾನ್ಸ್ ಎರಡೂ ಇವೆ. ಕಂಟ್ರೋಲ್ ಜೊತೆ ಹಿಮ್ಮುಖ ಓರೆಗೆರೆ, ಅಂದರೆ ಬ್ಯಾಕ್‌ಸ್ಲ್ಯಾಷ್, ಒತ್ತಿದರೆ ಕನ್ನಡ. ಮತ್ತೆ ಒತ್ತಿದರೆ ಇಂಗ್ಲಿಷ್. ಅದು ಬರೆಯುವ ಅಕ್ಷರವನ್ನು ಮಾತ್ರ ಕನ್ನಡ ಮಾಡುತ್ತದೆ, ಆಜ್ಞೆಯ ಕೀಲಿಗಳನ್ನು ಮುಟ್ಟುವುದಿಲ್ಲ. ವಿಮ್‌ನಲ್ಲೂ ಕೀಮ್ಯಾಪ್ ಎಂಬ ಏರ್ಪಾಡು ಇದೇ ಕೆಲಸಕ್ಕಿದೆ: ಬರೆಯುವಾಗ ಕನ್ನಡ, ಆಜ್ಞೆ ಕೊಡುವಾಗ ತಾನಾಗಿಯೇ ಇಂಗ್ಲಿಷ್. ದಿನವಿಡೀ ಒಂದೇ ಎಡಿಟರ್‌ನಲ್ಲಿ ಕನ್ನಡ ಬರೆಯುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ನಾನು ಕಾಣೆ.

ಹೊಸ ಶಾರ್ಟ್‌ಕಟ್ ಮಾಡಿಕೊಳ್ಳುವವರು ಆದಷ್ಟೂ ಖಾಲಿ ಜಾಗದಲ್ಲಿ ಮಾಡಿಕೊಳ್ಳಿ. ಇಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಸಿ ಆದ ಮೇಲೆ ಒಂದು ಬಿಡಿ ಅಕ್ಷರ, ಮತ್ತು ಎಫ್5ರಿಂದ ಎಫ್9ರವರೆಗಿನ ಕೀಲಿಗಳು ಬಳಕೆದಾರರಿಗೇ ಮೀಸಲು. ಸೌಲಭ್ಯ ಬರೆಯುವವರು ಅವನ್ನು ಮುಟ್ಟಬಾರದೆಂಬ ನಿಯಮವಿದೆ. ವಿಮ್‌ನಲ್ಲಿ ಲೀಡರ್ ಎಂಬ ಕೀಲಿ ಇರುವುದೂ ಇದಕ್ಕೇ. ಬೇರೆಯವರ ಸೆಟ್ಟಿಂಗ್ ಕಡತವನ್ನು ಇಡಿಯಾಗಿ ತಂದು ಸುರಿದುಕೊಳ್ಳಬೇಡಿ. ಅವರ ಬೆರಳಿನ ರೂಢಿಯ ಜೊತೆಗೆ ಅವರ ಜಗಳಗಳೂ ಬರುತ್ತವೆ.

ಕನ್ನಡ ಟೈಪಿಂಗ್ ತಂತ್ರಾಂಶ ಸಿದ್ಧಪಡಿಸುವವರು ಯಾರಾದರೂ ಈ ಮಾತು ಕೇಳುತ್ತಿದ್ದರೆ ಅವರಲ್ಲಿ ಒಂದು ಕೋರಿಕೆ. ಭಾಷೆ ಬದಲಿಸಲು ನೀವು ಯಾವ ಕೀಲಿ ಹಿಡಿದಿದ್ದೀರಿ ಎಂಬುದನ್ನು ತಂತ್ರಾಂಶ ಮೊದಲ ಸಲ ತೆರೆದಾಗಲೇ ಪರದೆಯ ಮೇಲೆ ಬರೆಯಿರಿ. ಆ ಕೀಲಿಯನ್ನು ಬದಲಿಸುವ ಅವಕಾಶವನ್ನೂ ಅದೇ ಪುಟದಲ್ಲಿ ಕೊಡಿ.